ವಾರ್ಷಿಕ ವರದಿಗೆ ನೆಟ್ಟ ಗಿಡದ ಲೆಕ್ಕವೋ, ಉಳಿದ ಗಿಡದ ಲೆಕ್ಕವೋ?

ನಿವೃತ್ತ ಶಿಕ್ಷಕಿ, ಸರಸ್ವತಿಪುರಂ

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಒಂದು ಸೇವಾ ಸಂಸ್ಥೆಯ ಜೊತೆ ಓಡಾಡಿಕೊಂಡಿದ್ದೇನೆ. ದೊಡ್ಡದೇನಲ್ಲ. ಮೂಲ ಕಚೇರಿ ಇಂಗ್ಲೆಂಡಿನಲ್ಲಿದೆ. ಪೂರ್ವ ಆಫ್ರಿಕಾದಲ್ಲಿ, ನೇಪಾಳದಲ್ಲಿ ಮತ್ತು ನಮ್ಮ ಮೈಸೂರು, ಮಂಡ್ಯ ಸೀಮೆಯ ಕೆಲವು ಹಳ್ಳಿಗಳಲ್ಲಿ ಕೆಲಸ ನಡೆಯುತ್ತದೆ. ಹೆಣ್ಣುಮಕ್ಕಳ ಓದು, ಸಮಾನತೆ, ಪರಿಸರ ಎಂದು ಮೂರು ಭಾಗ. ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಕಡೆಯ ವರದಿಯನ್ನು ನಾನು ಕನ್ನಡದಲ್ಲಿ ಬರೆದು ಕೊಡುತ್ತೇನೆ. ಅವರು ಇಂಗ್ಲಿಷಿಗೆ ಮಾಡಿಸಿಕೊಂಡು ಉಳಿದ ದೇಶಗಳ ಪುಟಗಳ ಜೊತೆ ಸೇರಿಸುತ್ತಾರೆ.

ಈ ಸಲ ಬರೆಯಲು ಕೂತರೆ ಕೈ ಓಡುತ್ತಿಲ್ಲ. ಹೋದ ವಾರ ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಕಳೆದ ವರ್ಷ ಅಲ್ಲಿ 60 ಸಸಿ ನೆಟ್ಟಿದ್ದೆವು. ಆರನೇ ತರಗತಿಯ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಕಾಂಪೌಂಡಿನ ಉದ್ದಕ್ಕೂ ಎಣಿಸುತ್ತಾ ಹೋದೆ. 17 ಉಳಿದಿವೆ. ಉಳಿದ ಕಡೆ ಬಿದಿರಿನ ಬೇಲಿ ಇದೆ, ಒಳಗೆ ಒಣಗಿದ ಕಡ್ಡಿ ಇದೆ. ಎಣಿಸಿ ಮುಗಿಸುವಷ್ಟರಲ್ಲಿ ಬಿಸಿಯೂಟ ಮುಗಿದಿತ್ತು. ಆ ಇಬ್ಬರಲ್ಲಿ ಚಿಕ್ಕವಳು ತಟ್ಟೆ ತೊಳೆದ ನೀರನ್ನು ಚೆಲ್ಲದೆ, ತಟ್ಟೆಯಲ್ಲಿಯೇ ತುಳುಕಿಸಿಕೊಂಡು ತಂದು ಒಂದು ಬೇವಿನ ಬುಡಕ್ಕೆ ಸುರಿದಳು. "ಇದು ನನ್ನದು, ಟೀಚರ್" ಎಂದಳು. ಯಾರೂ ಅವಳಿಗೆ ಆ ಗಿಡವನ್ನು ಕೊಟ್ಟಿರಲಿಲ್ಲ.

ವರದಿಯ ನಮೂನೆಯಲ್ಲಿ ಇರುವುದು "ನೆಟ್ಟ ಗಿಡಗಳ ಸಂಖ್ಯೆ" ಎಂಬ ಒಂದೇ ಕಾಲಂ. ಅದರಲ್ಲಿ 60 ಎಂದು ಬರೆದರೆ ಸುಳ್ಳಲ್ಲ. ಆದರೆ ಆ ಹುಡುಗಿಯ ಮುಖ ನೆನಪಾದರೆ ಬರೆಯಲು ಮನಸ್ಸು ಬರುತ್ತಿಲ್ಲ. ಸೈಕಲ್, ಪುಸ್ತಕ, ಸೋಲಾರ್ ದೀಪ ಎಲ್ಲಕ್ಕೂ ಹೀಗೆಯೇ, "ವಿತರಿಸಿದ ಸಂಖ್ಯೆ" ಮಾತ್ರ. ನಿಮ್ಮ ಅಭಿಪ್ರಾಯ ಬೇಕು.

ಬದುವಿನ ಮರ, ನಾಗಮಂಗಲ

ಮೇಡಂ, ಜೂನ್ 5ಕ್ಕೆ ನೆಟ್ಟಿದ್ದಿರಿ, ಹೌದು ತಾನೇ?

ನಿವೃತ್ತ ಶಿಕ್ಷಕಿ, ಸರಸ್ವತಿಪುರಂ

ಹೌದು. ವಿಶ್ವ ಪರಿಸರ ದಿನದಂದೇ.

ಬದುವಿನ ಮರ, ನಾಗಮಂಗಲ

ಹಾಗಾದರೆ ಅದರಲ್ಲಿ ಮಕ್ಕಳ ತಪ್ಪೂ ಇಲ್ಲ, ಮೇಷ್ಟ್ರ ತಪ್ಪೂ ಇಲ್ಲ. ಜೂನ್ 5 ಎಂಬುದು 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾದ ದಿನ. ನಮ್ಮ ಮಳೆ ನೋಡಿ ಇಟ್ಟ ದಿನವಲ್ಲ. ಮಂಗಳೂರಿಗೋ ಮಡಿಕೇರಿಗೋ ಅದು ಹೊಂದುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ ಒಂದಷ್ಟು ಬೀಳುತ್ತದೆ, ಆಮೇಲೆ ಜೂನ್, ಜುಲೈ ಬರೀ ಗಾಳಿ. ಕೊಡಗಿನಲ್ಲಿ ಸುರಿದು ಕನ್ನಂಬಾಡಿ ಕಟ್ಟೆ ತುಂಬುತ್ತಿದೆ ಎಂದು ಪತ್ರಿಕೆಯಲ್ಲಿ ಫೋಟೊ ಬರುವ ಹೊತ್ತಿಗೆ ನಾಗಮಂಗಲದ ಹೊಲದಲ್ಲಿ ಧೂಳು ಏಳುತ್ತಿರುತ್ತದೆ. ನಮಗೆ ಭೂಮಿ ನೆನೆಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ನಕ್ಷತ್ರಗಳ ಮಳೆ. ನಮ್ಮ ರಾಗಿಯ ಬಾಳೂ ಆ ಮಳೆಯ ಮೇಲೆಯೇ ನಿಂತಿದೆ.

ಹೊರಗಿನವರು ತಾರೀಖು ನೋಡಿ ನೆಡುತ್ತಾರೆ. ಜೂನ್‌ನಲ್ಲಿ ನೆಟ್ಟ ಗೇಣುದ್ದದ ಸಸಿಗೆ ಎರಡು ತಿಂಗಳು ಕೈಯಲ್ಲಿ ನೀರು ಹಾಕಲೇಬೇಕು. ಹಾಕುವವರು ಯಾರು? ಮೇ ಮಳೆಗೆ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಕೊಟ್ಟಿಗೆ ಗೊಬ್ಬರ, ಕೆರೆಯ ಗೋಡುಮಣ್ಣು ತುಂಬಿ. ಹುಬ್ಬೆ ಮಳೆ ಬಿದ್ದ ಮೇಲೆ ಎದೆಯುದ್ದದ ಸಸಿ ನೆಡಿ. ಹೊಂಗೆ, ಬೇವು, ಹುಣಸೆ, ನೇರಳೆ ಸಾಕು. ಬುಡದ ಪಕ್ಕ ಒಂದು ಹಳೆಯ ಮಡಕೆಯನ್ನು ಕತ್ತಿನವರೆಗೆ ಹೂತು ವಾರಕ್ಕೊಮ್ಮೆ ನೀರು ತುಂಬಿದರೆ ಬೇಸಿಗೆ ಕಳೆಯುತ್ತದೆ.

ಇನ್ನೊಂದು ಮಾತು. ನಮ್ಮೂರ ಗುಂಡುತೋಪಿನಲ್ಲಿ ಯಾರೋ ನೆಟ್ಟುಹೋದ ಸಸಿ ಸತ್ತಿತೆಂದು ಕಿತ್ತು ನೋಡಿದೆ. ಪ್ಲಾಸ್ಟಿಕ್ ಪಾಕೆಟ್ ಹಾಗೆಯೇ ಇತ್ತು. ಬೇರು ಪಾಕೆಟ್‌ನ ಒಳಗೇ ಸುತ್ತಿಕೊಂಡು ಹಗ್ಗದ ಸಿಂಬಿಯಂತೆ ಆಗಿತ್ತು. ಹೊರಗೆ ಬರಲು ಅದು ಎಷ್ಟು ದಿನ ತಿಣುಕಿತ್ತೋ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ದೂರದ ಮೈಸೂರಿಗ, ಲೀಡ್ಸ್

ಮೇಡಂ, ನಾನು ಹುಟ್ಟಿ ಬೆಳೆದದ್ದು ಚಾಮುಂಡಿಪುರಂನಲ್ಲಿ. ಈಗ ಇಲ್ಲಿ ಇಂಥದೇ ಒಂದು ಸಣ್ಣ ಸಂಸ್ಥೆಗೆ ಸಂಬಳವಿಲ್ಲದ ಟ್ರಸ್ಟಿ. ಇಲ್ಲಿಯ ನಿಯಮದಂತೆ ಹಣಕಾಸು ವರ್ಷ ಮುಗಿದ ಹತ್ತು ತಿಂಗಳೊಳಗೆ ದತ್ತಿ ಸಂಸ್ಥೆಗಳನ್ನು ನೋಡಿಕೊಳ್ಳುವ ಚಾರಿಟಿ ಕಮಿಷನ್‌ಗೆ ವಾರ್ಷಿಕ ವಿವರ ಸಲ್ಲಬೇಕು. ಟ್ರಸ್ಟಿಗಳ ವರದಿಯಲ್ಲಿ ಸಾರ್ವಜನಿಕರಿಗೆ ಏನು ಪ್ರಯೋಜನವಾಯಿತು ಎಂದೂ ಬರೆಯಬೇಕು. ಆ ಕಾಲಂಗಳು ಹುಟ್ಟುವುದು ಅಲ್ಲಿಂದ.

ನನ್ನ ಅಳುಕನ್ನೂ ಹೇಳಿಬಿಡುತ್ತೇನೆ. ತಿಂಗಳಿಗೆ ಐದು ಪೌಂಡ್ ಕೊಡುವ ಹಿರಿಯರು ವರದಿಯ ಎರಡು ಪುಟ ತಿರುವುತ್ತಾರೆ, ಅಷ್ಟೆ. ಅಲ್ಲಿ "60ರಲ್ಲಿ 17" ಎಂದು ಕಂಡರೆ ಮುಂದಿನ ತಿಂಗಳು ಕೊಡುತ್ತಾರೆಯೇ? ಸತ್ಯ ಹೇಳಿ ಹಣ ನಿಂತುಹೋದರೆ ಆ ಶಾಲೆಯ ಹುಡುಗಿಯ ಪುಸ್ತಕವೂ ನಿಲ್ಲುತ್ತದೆ. ನಿಮ್ಮ ವರದಿಗೆ ಸುಳ್ಳು ಬೇಡ, ಖಂಡಿತ ಬೇಡ. ಆದರೆ ಸೋತ ಅಂಕಿಯನ್ನು ಬರೆಯುವಾಗ ಅದರ ಕಾರಣವನ್ನೂ ಮುಂದಿನ ದಾರಿಯನ್ನೂ ಅದೇ ಪುಟದಲ್ಲಿ ಬರೆಯಿರಿ.

ಕಾಲೇಜು ವಿದ್ಯಾರ್ಥಿನಿ, ಮಂಡ್ಯ

ಸರ್, ಕೀನ್ಯಾದ ವಂಗಾರಿ ಮಾಥಾಯ್ ಅವರ ಗ್ರೀನ್ ಬೆಲ್ಟ್ ಚಳವಳಿ ಶುರುವಾದದ್ದೂ ಜೂನ್ 5ರಂದೇ, 1977ರಲ್ಲಿ. ನೈರೋಬಿಯ ಒಂದು ಉದ್ಯಾನದಲ್ಲಿ ಅವತ್ತು ನೆಟ್ಟದ್ದು ಏಳು ಗಿಡ. ಉಳಿದದ್ದು ಎರಡು. ಅದನ್ನು ಅವರು ಮುಚ್ಚಿಡಲಿಲ್ಲ, ತಾವೇ ಬರೆದುಕೊಂಡಿದ್ದಾರೆ. ಆಮೇಲೆ ಹಳ್ಳಿಯ ಹೆಂಗಸರೇ ಬೀಜ ಆರಿಸಿ, ಸಸಿ ಬೆಳೆಸಿ, ನೆಟ್ಟು, ಬದುಕುಳಿದ ಸಸಿಗೆ ಇಷ್ಟು ಎಂದು ಸಣ್ಣ ಮೊತ್ತ ಪಡೆಯುವ ಏರ್ಪಾಡು ಮಾಡಿದರು. ನೆಟ್ಟದ್ದಕ್ಕೆ ದುಡ್ಡಲ್ಲ, ಉಳಿದದ್ದಕ್ಕೆ ದುಡ್ಡು. 5 ಕೋಟಿಗೂ ಹೆಚ್ಚು ಮರಗಳ ಚಳವಳಿ ಬೆಳೆದದ್ದು ಆ ಬುಡದಿಂದ. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಏಳರಲ್ಲಿ ಎರಡು ಎಂದು ಹೇಳಿಕೊಂಡವರನ್ನು ಜಗತ್ತು ಕೈಬಿಡಲಿಲ್ಲ. 60ರಲ್ಲಿ 17 ಎಂದರೆ ನಮ್ಮನ್ನು ಏಕೆ ಬಿಡುತ್ತದೆ?

ಬದುವಿನ ಮರ, ನಾಗಮಂಗಲ

ತಂಗಿ ಹೇಳಿದ್ದು ನಮ್ಮಲ್ಲಿಯೂ ಇದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ನೆಟ್ಟ ಗಿಡ ಬದುಕಿದ್ದರೆ ಮಾತ್ರ ಹಣ. ಮೂರು ವರ್ಷ ಕಂತಿನಲ್ಲಿ ಕೊಡುತ್ತಾರೆ. ನನ್ನ ಬದುವಿನ ಹೆಬ್ಬೇವಿಗೆ ಹಾಗೆಯೇ ಬಂತು. ಗಾರ್ಡ್ ಬಂದು ಒಂದೊಂದೇ ಎಣಿಸಿಕೊಂಡು ಹೋದರು. ಎಣಿಸುವವರು ಬರುತ್ತಾರೆ ಎಂದು ಗೊತ್ತಿದ್ದರೆ ಮೇಕೆ ಒಳಗೆ ಬರದಂತೆ ನಾವೂ ನೋಡಿಕೊಳ್ಳುತ್ತೇವೆ.

ಪ್ರೌಢಶಾಲೆ ಶಿಕ್ಷಕಿ, ಮದ್ದೂರು

ಗಿಡದ ಮಾತು ಆಯಿತು, ಹುಡುಗಿಯರ ಮಾತಿಗೆ ಬರುತ್ತೇನೆ. ನಮ್ಮ ಶಾಲೆಗೆ ಒಂದು ದತ್ತಿ ಸಂಸ್ಥೆ (ಹೆಸರು ಬೇಡ, ಅವರ ಮನಸ್ಸು ಒಳ್ಳೆಯದೇ) ನಾಲ್ಕು ವರ್ಷಗಳ ಹಿಂದೆ ಹದಿನೈದು ಹುಡುಗಿಯರಿಗೆ ಸೈಕಲ್ ಕೊಟ್ಟಿತು. ಶಾಮಿಯಾನ, ಹಾರ, ಫೋಟೊ ಎಲ್ಲ ಆಯಿತು. ದೀಪಾವಳಿ ಕಳೆಯುವ ಹೊತ್ತಿಗೆ ನಾಲ್ಕೈದು ಹುಡುಗಿಯರು ಮತ್ತೆ ನಡೆದುಕೊಂಡು ಬರತೊಡಗಿದರು. ಒಬ್ಬಳನ್ನು ಕೇಳಿದೆ. ಹಿಂದಿನ ಟ್ಯೂಬು ಪಂಕ್ಚರ್ ಆಗಿ ಎರಡು ತಿಂಗಳಾಗಿತ್ತು. ಅವರೂರಿನಲ್ಲಿ ಸೈಕಲ್ ಶಾಪು ಇಲ್ಲ. ಮದ್ದೂರಿಗೆ ತಳ್ಳಿಕೊಂಡು ಬರಬೇಕು, ಅದಕ್ಕೆ ಅಪ್ಪನಿಗೆ ಬಿಡುವಿಲ್ಲ. ಇನ್ನೊಬ್ಬಳ ಸೈಕಲ್ಲಿನ ಕ್ಯಾರಿಯರ್‌ಗೆ ಹಾಲಿನ ಕ್ಯಾನು ಕಟ್ಟಿತ್ತು. ಬೆಳಿಗ್ಗೆ ಡೇರಿಗೆ ಅಣ್ಣ ತೆಗೆದುಕೊಂಡು ಹೋದರೆ ಹತ್ತು ಗಂಟೆಗೆ ಬರುತ್ತಿದ್ದ. ಆ ಮನೆಗೆ ಹಾಲಿನ ದುಡ್ಡು ಬೇಕು, ಅಪ್ಪನನ್ನು ನಾನು ಬೈಯಲಾರೆ. ಆದರೆ ವರದಿಯಲ್ಲಿ ಈಗಲೂ ಹದಿನೈದು ಸೈಕಲ್ ಓಡುತ್ತಿವೆ.

ನಮ್ಮ ಶಾಲೆಯ ಶೌಚಾಲಯದ ಕಥೆಯೂ ಹೀಗೆಯೇ. ಕಟ್ಟಿಸಿಕೊಟ್ಟರು, ಬಣ್ಣ ಹೊಡೆದರು. ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟಾರು ಸುಟ್ಟ ಮೇಲೆ ಬೀಗ ಬಿತ್ತು. ಆ ಮೂರು ದಿನ ದೊಡ್ಡ ಹುಡುಗಿಯರು ಶಾಲೆಗೆ ಬರುವುದಿಲ್ಲ. ತಿಂಗಳಿಗೆ ಮೂರು ದಿನ ಎಂದರೆ ವರ್ಷಕ್ಕೆ ಒಂದು ತಿಂಗಳ ಪಾಠ ಹೋಯಿತು. ಗಣಿತದಲ್ಲಿ ಫೇಲಾದಳು, ಮದುವೆ ಮಾಡಿಬಿಡೋಣ ಎಂದು ಮನೆಯವರು ಹೇಳುವಾಗ ಆ ಮೋಟಾರು ಯಾರಿಗೂ ನೆನಪಾಗುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇದು. ಎಂಟನೇ ತರಗತಿಗೆ ಸೇರಿದ ಹುಡುಗಿಯರಲ್ಲಿ ಎಷ್ಟು ಜನ ಮೂರು ವರ್ಷದ ನಂತರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತರು, ಅವರಲ್ಲಿ ಎಷ್ಟು ಜನ ಪಿಯುಸಿಗೆ ಸೇರಿದರು, ಬಿಟ್ಟವರು ಏಕೆ ಬಿಟ್ಟರು. ಇಷ್ಟನ್ನು ಬರೆಯಿರಿ. ಹಾಜರಿ ಪುಸ್ತಕದಲ್ಲಿ ಎಲ್ಲ ಇರುತ್ತದೆ, ಹೊಸದಾಗಿ ಸಮೀಕ್ಷೆ ಬೇಕಿಲ್ಲ. ಸೈಕಲ್ ಕೊಡುವ ದುಡ್ಡಿನಲ್ಲಿ ಒಂದೆರಡು ಸೈಕಲ್ ಕಡಿಮೆ ಮಾಡಿ, ತಿಂಗಳಿಗೊಮ್ಮೆ ಶಾಲೆಗೇ ಬರುವಂತೆ ಒಬ್ಬ ಮೆಕ್ಯಾನಿಕ್‌ನನ್ನು ಗೊತ್ತು ಮಾಡಿ.

ದೂರದ ಮೈಸೂರಿಗ, ಲೀಡ್ಸ್

ಮೇಡಂ, ನಿಮ್ಮ ಮಾತು ಓದಿದಾಗ ಆಫ್ರಿಕಾದ ಹೆಣ್ಣುಮಕ್ಕಳನ್ನು ಓದಿಸುವ ಸಂಸ್ಥೆ ಕ್ಯಾಮ್‌ಫೆಡ್ ನೆನಪಾಯಿತು. ಅದನ್ನು ಕಟ್ಟಿದ ಆ್ಯನ್ ಕಾಟನ್ 1991ರಲ್ಲಿ ಜಿಂಬಾಬ್ವೆಯ ಒಂದು ಹಳ್ಳಿಗೆ ಹೋಗಿದ್ದಾಗ, ಹೆಣ್ಣುಮಕ್ಕಳನ್ನು ಓದಿಸದಿರುವುದು ಆ ಜನರ ಸಂಪ್ರದಾಯ ಎಂದು ಎಲ್ಲರೂ ಹೇಳುತ್ತಿದ್ದರು. ಮನೆಗಳಿಗೆ ಹೋಗಿ ಕೇಳಿದರೆ ಕಾರಣ ಬಡತನ. ಒಬ್ಬರಿಗೆ ಮಾತ್ರ ಶುಲ್ಕ ಕಟ್ಟಲು ಆಗುವ ಮನೆಯಲ್ಲಿ ಹುಡುಗನಿಗೆ ಕಟ್ಟುತ್ತಿದ್ದರು. ಹುಡುಗನಿಗೆ ಮುಂದೆ ಕೆಲಸ ಸಿಗುತ್ತದೆ ಎಂಬ ಲೆಕ್ಕ. 1993ರಲ್ಲಿ 32 ಹುಡುಗಿಯರಿಂದ ಕೆಲಸ ಆರಂಭವಾಯಿತು. 1998ರಲ್ಲಿ ಓದಿ ಹೊರಬಂದ ಹುಡುಗಿಯರೇ ಒಂದು ಸಂಘ ಕಟ್ಟಿಕೊಂಡರು. ತಮ್ಮ ಹಿಂದೆ ಬರುವವರಿಗೆ ಅವರೇ ಕೈಹಿಡಿಯುತ್ತಾರೆ. ಜಾಂಬಿಯಾ, ಘಾನಾ, ತಾಂಜಾನಿಯಾ, ಮಲಾವಿಗೂ ಆ ಕೆಲಸ ಹಬ್ಬಿದೆ. ಹಾಲಿನ ಕ್ಯಾನು ಕಟ್ಟಿದ ಸೈಕಲ್ ಕಂಡು ಅಪ್ಪನನ್ನು ಬೈಯದೆ ಕಾರಣ ಹುಡುಕಿದ ನೀವು ಮಾಡಿದ್ದೂ ಅದನ್ನೇ.

ನನ್ನ ಮೊದಲಿನ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಉಳಿದವರ ಲೆಕ್ಕ ಕೊಟ್ಟರೂ ಜನ ಜೊತೆಗಿರುತ್ತಾರೆ. ಆದರೆ ಅದಕ್ಕೆ ಮೂರು, ನಾಲ್ಕು ವರ್ಷದ ತಾಳ್ಮೆ ಬೇಕು. ವಾರ್ಷಿಕ ವರದಿಯೋ ಹನ್ನೆರಡು ತಿಂಗಳಿಗೆ ಕತ್ತರಿ ಹಾಕುತ್ತದೆ. ಇದಕ್ಕೆ ಏನು ಮಾಡಬೇಕೆಂದು ನನಗಿನ್ನೂ ಹೊಳೆದಿಲ್ಲ.

ಲೆಕ್ಕ ಪರಿಶೋಧಕ, ಕುವೆಂಪುನಗರ

ಹಣದ ಕಡೆಯಿಂದ ಎರಡು ಮಾತು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದ ಮೇಲೆ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಹಣ ಮೊದಲು ಬರಬೇಕಾದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ, ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ಮೊದಲು ದೊಡ್ಡ ಸಂಸ್ಥೆ ಪಡೆದು ಹಳ್ಳಿಯ ಸಣ್ಣ ಸಂಘಕ್ಕೆ ದಾಟಿಸುತ್ತಿತ್ತು. ಈಗ ಆಗುವುದಿಲ್ಲ. ಆದ್ದರಿಂದ ಮಹಿಳಾ ಸಂಘಕ್ಕೆ ಗಿಡ ನೋಡಿಕೊಳ್ಳಲು ಅನುದಾನ ಎಂದು ಕೊಡಲು ಹೋಗಬೇಡಿ, ತೊಡಕಾಗುತ್ತದೆ. ನಿಮ್ಮ ಟ್ರಸ್ಟೇ ನೇರವಾಗಿ ಕೂಲಿ ಕೊಟ್ಟು, ಮಸ್ಟರ್ ರೋಲ್ (ಕೂಲಿಯವರ ಹಾಜರಿ ಪಟ್ಟಿ) ಬರೆದು, ಬ್ಯಾಂಕ್ ಖಾತೆಗೆ ಹಾಕಿ.

ಸಸಿಗೆ ನೀರು ಹಾಕುವ ಕೂಲಿ ಕಾರ್ಯಕ್ರಮದ ವೆಚ್ಚವೇ, ಆಡಳಿತ ವೆಚ್ಚವಲ್ಲ. ಅನೇಕರು ಆ ಶೇ 20ಕ್ಕೆ ಹೆದರಿ ನೀರಿನ ಖರ್ಚನ್ನೇ ಬಜೆಟ್‌ನಿಂದ ಬಿಡುತ್ತಾರೆ. ಸಸಿ, ಬೇಲಿ, ಬ್ಯಾನರ್ ಇರುತ್ತದೆ, ಎರಡನೇ ವರ್ಷದ ನೀರು ಇರುವುದಿಲ್ಲ. ಆಡಿಟ್ ಮಾಡುವಾಗ ನಾನು ರಸೀದಿ ನೋಡುತ್ತೇನೆ. 60 ಸಸಿ ಕೊಂಡ ಬಿಲ್ಲು ಸರಿಯಾಗಿದ್ದರೆ ನನ್ನ ಸಹಿ ಬೀಳುತ್ತದೆ. ಗಿಡ ಬದುಕಿದೆಯೇ ಎಂದು ನಾನು ಕೇಳುವುದಿಲ್ಲ, ಕೇಳುವ ಅಧಿಕಾರವೂ ನನಗಿಲ್ಲ. ಅದನ್ನು ನೀವೇ ಬರೆಯಬೇಕು, ಮೇಡಂ.

ಸಂಘದ ಅಕ್ಕ, ಸರಗೂರು

ನನ್ನದೊಂದು ಮಾತಿದೆ. ಬರವಣಿಗೆ ಹೆಚ್ಚು ಗೊತ್ತಿಲ್ಲ, ಮಗಳು ಟೈಪ್ ಮಾಡಿ ತಿದ್ದಿಕೊಡುತ್ತಿದ್ದಾಳೆ.

ಸಮಾನತೆ, ಶಿಕ್ಷಣ, ಪರಿಸರ ಎಂದು ನಿಮ್ಮ ವರದಿಯಲ್ಲಿ ಮೂರು ಪುಟ. ನಮ್ಮ ಮನೆಯಲ್ಲಿ ಅದು ಒಂದೇ ಕೊಡ. ಊರಿನ ಬೋರ್‌ವೆಲ್ ಬತ್ತಿದ ವರ್ಷ ನೀರಿಗೆ ಹೋದವಳು ಇದೇ ಮಗಳು, ಇವಳ ಅಣ್ಣ ಅಲ್ಲ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಏಳನೇ ತರಗತಿಯಲ್ಲಿ ಅವಳು ಹಿಂದೆ ಬಿದ್ದದ್ದು ಬುದ್ಧಿ ಇಲ್ಲದೆ ಅಲ್ಲ. ಕೆರೆಯ ಹೂಳು ತೆಗೆದ ಮೇಲೆ ಬೋರ್‌ವೆಲ್‌ನಲ್ಲಿ ನೀರು ಬಂತು, ಅವಳೂ ಓದಿದಳು. ಆ ಕೆಲಸವನ್ನು ಯಾವ ಪುಟದಲ್ಲಿ ಬರೆಯುತ್ತೀರಿ?

ಮೈರಾಡ ಎಂಬ ಸಂಸ್ಥೆ 1968ರಲ್ಲಿ ಶುರುವಾದದ್ದು ಟಿಬೆಟ್‌ನಿಂದ ಬಂದ ನಿರಾಶ್ರಿತರಿಗೆ ನೆಲೆ ಮಾಡಿಕೊಡಲು. ಆಮೇಲೆ ಹಳ್ಳಿಯ ಬಡವರ ಕಡೆ ತಿರುಗಿ ಸಣ್ಣ ಸ್ವಸಹಾಯ ಸಂಘಗಳನ್ನು ಕಟ್ಟಿತು. ಅಂಥ ಸಂಘಗಳನ್ನು ನೋಡಿ 1992ರಲ್ಲಿ ಕೃಷಿ, ಗ್ರಾಮೀಣ ಅಭಿವೃದ್ಧಿಯ ಬ್ಯಾಂಕ್ ನಬಾರ್ಡ್ 500 ಸಂಘಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಪ್ರಯೋಗ ಮಾಡಿತು. ಇದನ್ನು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟರು. ನಮ್ಮ ಸೀಮೆಯಿಂದ ಹೊರಟ ಮಾತು ದೇಶಕ್ಕೆಲ್ಲ ಹೋಯಿತು ಎಂದು ಕೇಳಿ ಹೆಮ್ಮೆಯಾಯಿತು. ನಾನು ಮೊದಲ ಸಲ ಬ್ಯಾಂಕಿನಲ್ಲಿ ಹೆಬ್ಬೆಟ್ಟಿನ ಬದಲು ಸಹಿ ಹಾಕಿದ ದಿನ ಮ್ಯಾನೇಜರ್ ಕುರ್ಚಿ ಕೊಟ್ಟು ಕೂರಿಸಿದರು. ಅದು ಯಾವ ಕಾಲಂನಲ್ಲಿಯೂ ಇಲ್ಲ.

ಕೂಲಿಯ ವಿಷಯ. ಗಂಡಾಳಿಗೊಂದು, ಹೆಣ್ಣಾಳಿಗೊಂದು ಎಂದು ಹೊಲದಲ್ಲಿ ಈಗಲೂ ಇದೆ. ಉದ್ಯೋಗ ಖಾತ್ರಿಯಲ್ಲಿ ಇಬ್ಬರಿಗೂ ಒಂದೇ ಕೂಲಿ ಬಂದಾಗ ನಾವು ಗುದ್ದಲಿ ಹಿಡಿದು ಹೋದೆವು. ನೀವು ಗುಂಡಿ ತೆಗೆಸುವಾಗ, ನೀರು ಹಾಕಿಸುವಾಗ ಇಬ್ಬರಿಗೂ ಒಂದೇ ಕೂಲಿ ಕೊಡಿ. ಕೊಟ್ಟಿದ್ದೇವೆ ಎಂದು ವರದಿಯಲ್ಲಿ ಬರೆಯಿರಿ. ಸಮಾನತೆಯ ಪುಟಕ್ಕೆ ಅದಕ್ಕಿಂತ ಒಳ್ಳೆಯ ಸಾಲು ನನಗೆ ಗೊತ್ತಿಲ್ಲ.

ಕಾಲೇಜು ವಿದ್ಯಾರ್ಥಿನಿ, ಮಂಡ್ಯ

ಅಕ್ಕನ ಮಾತು ಓದಿ ಕಣ್ಣು ತುಂಬಿತು. ಸಮಾನತೆಯ ಪುಟದ ಬಗ್ಗೆ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವುದನ್ನು ಹೇಳುತ್ತೇನೆ. 2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಒಂದು ಆಲೆಮನೆಯಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿತ್ತು ಎಂಬುದು ಬಯಲಾಯಿತು. 1994ರಿಂದ ಕಾಯ್ದೆ ಇದೆ, ಆದರೂ ನಡೆಯಿತು. ನನಗೆ ಆಲೆಮನೆ ಎಂದರೆ ಅಜ್ಜನ ಕೈ ಹಿಡಿದು ಹೋಗಿ ಬಿಸಿ ಬೆಲ್ಲ ನೆಕ್ಕಿದ ಜಾಗ. ಕೊಪ್ಪರಿಗೆಯ ಹಬೆ, ಕಬ್ಬಿನ ರಚ್ಚಿನ ರಾಶಿ. ಅಂಥ ಜಾಗಕ್ಕೆ ಸ್ಕ್ಯಾನಿಂಗ್ ಯಂತ್ರ ತಂದಿಟ್ಟರು. ಆ ಸುದ್ದಿ ಬಂದ ವಾರ ನಾನು ಊಟದ ತಟ್ಟೆಯಲ್ಲಿ ಬೆಲ್ಲ ಹಾಕಿಸಿಕೊಳ್ಳಲಿಲ್ಲ.

ದತ್ತಿ ಸಂಸ್ಥೆಗಳ ವರದಿಯಲ್ಲಿ ಶಾಲೆಗೆ ಬಂದ ಹುಡುಗಿಯರ ನಗುವ ಫೋಟೊ ಇರುತ್ತದೆ. ಹುಟ್ಟಲೇ ಇಲ್ಲದವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹೊರದೇಶದ ದಾನಿಗಳಿಗೆ ಊರಿನ ಮರ್ಯಾದೆ ಹೋಗುತ್ತದೆ ಎಂದೇ? ಟೀಚರ್, ಅಂಗನವಾಡಿಗೆ ಸೇರಿದ ಗಂಡು ಮಕ್ಕಳು ಎಷ್ಟು, ಹೆಣ್ಣು ಮಕ್ಕಳು ಎಷ್ಟು ಎಂದು ನೀವು ಕೆಲಸ ಮಾಡುವ ಹಳ್ಳಿಗಳಲ್ಲಿ ಪ್ರತಿ ವರ್ಷ ಬರೆಯಿರಿ. ಬರೀ ಅಷ್ಟೇ. ಐದು ವರ್ಷ ಬರೆದರೆ ಅದೇ ಮಾತನಾಡುತ್ತದೆ.

ಬದುವಿನ ಮರ, ನಾಗಮಂಗಲ

ನನಗೂ ಇಬ್ಬರು ಹೆಣ್ಣುಮಕ್ಕಳು, ತಂಗಿ. ನೀನು ಹೇಳಿದ್ದು ಸರಿ.

ಲೀಡ್ಸ್‌ನ ಅಣ್ಣ ತಾಳ್ಮೆಯ ಮಾತು ಎತ್ತಿದ್ದಕ್ಕೆ ಮಳವಳ್ಳಿ ಕಡೆಯ ದಾಸನದೊಡ್ಡಿಯ ಕಾಮೇಗೌಡರು ನೆನಪಾದರು. ಕುರಿ ಕಾಯುತ್ತಾ ಬೆಟ್ಟದ ಮೇಲೆ ಕುರಿಗೂ ಹಕ್ಕಿಗೂ ನೀರಿಲ್ಲದ್ದನ್ನು ಕಂಡು ಒಂದೊಂದೇ ಕಟ್ಟೆ ತೋಡಿದವರು. ಪ್ರಶಸ್ತಿಯ ಹಣವನ್ನೂ ಕಟ್ಟೆಗೇ ಹಾಕಿದರು. 2022ರಲ್ಲಿ ತೀರಿಕೊಂಡರು. ಅವರು ಒಂದು ವರ್ಷಕ್ಕೆ ಲೆಕ್ಕ ಒಪ್ಪಿಸಬೇಕಾಗಿದ್ದಿದ್ದರೆ ಮೊದಲ ವರ್ಷ ಒಂದು ಗುಂಡಿ ಎಂದು ಬರೆಯಬೇಕಿತ್ತು. ನಿಮ್ಮ ವರದಿಯಲ್ಲಿ ಈ ವರ್ಷದ್ದರ ಪಕ್ಕದಲ್ಲಿ ಮೂರು ವರ್ಷದ ಹಿಂದಿನ ಕೆಲಸದ ಈಗಿನ ಸ್ಥಿತಿಯನ್ನೂ ಬರೆಯಿರಿ. ಆಗ ಹನ್ನೆರಡು ತಿಂಗಳ ಕತ್ತರಿ ಅಷ್ಟು ನೋಯಿಸುವುದಿಲ್ಲ.

ದೂರದ ಮೈಸೂರಿಗ, ಲೀಡ್ಸ್

ಮೂರು ವರ್ಷದ ಹಿಂದಿನದು ಈಗ ಹೇಗಿದೆ ಎಂಬ ಒಂದು ಪುಟ. ಇದನ್ನು ನಮ್ಮ ಸಂಸ್ಥೆಯ ಮುಂದಿನ ಸಭೆಯಲ್ಲಿ ನಾನೂ ಇಡುತ್ತೇನೆ. ಧನ್ಯವಾದ, ನಾಗಮಂಗಲದ ಗೌಡರೇ.

ನಿವೃತ್ತ ಶಿಕ್ಷಕಿ, ಸರಸ್ವತಿಪುರಂ

ಮೂರು ವಾರದ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಈ ಚರ್ಚೆಯನ್ನು ಅಚ್ಚು ಹಾಕಿಸಿಕೊಂಡು ಟ್ರಸ್ಟಿನ ಸಭೆಗೆ ಹೋದೆ. ಒಂದೂವರೆ ಗಂಟೆ ವಾದವಾಯಿತು. ಅಂಗನವಾಡಿಯ ಲೆಕ್ಕವನ್ನು ಪ್ರಕಟಿಸಲು ಇಬ್ಬರು ಒಪ್ಪಲಿಲ್ಲ. ಸದ್ಯ ಬರೆದಿಡುವುದು ಎಂದಾಯಿತು, ಪ್ರಕಟಣೆಯ ಮಾತು ಬಾಕಿ ಉಳಿದಿದೆ. ನಾನು ಬಿಡುವುದಿಲ್ಲ. ಸೈಕಲ್ ಮೆಕ್ಯಾನಿಕ್‌ಗೆ ಒಪ್ಪಿಗೆ ಸಿಕ್ಕಿದೆ. ನೀರಿನ ಕೂಲಿಯನ್ನು ಕಾರ್ಯಕ್ರಮದ ವೆಚ್ಚದಲ್ಲಿ ಸೇರಿಸಿದ್ದೇವೆ, ಗಂಡಸರಿಗೂ ಹೆಂಗಸರಿಗೂ ಒಂದೇ ದರ.

ವರದಿಯ ಪರಿಸರ ಪುಟಕ್ಕೆ ನಾನು ಬರೆದು ಕಳುಹಿಸಿದ್ದು ಇದು:

"ಮಂಡ್ಯ ತಾಲ್ಲೂಕಿನ ಶಾಲೆಯಲ್ಲಿ ಜೂನ್‌ನಲ್ಲಿ 60 ಸಸಿ ನೆಟ್ಟೆವು. ಏಪ್ರಿಲ್‌ನಲ್ಲಿ ಮಕ್ಕಳ ಜೊತೆ ಎಣಿಸಿದಾಗ 17 ಉಳಿದಿದ್ದವು. ಇಲ್ಲಿ ಮಳೆ ಬರುವುದು ಸೆಪ್ಟೆಂಬರ್‌ನಲ್ಲಿ. ನಾವು ಮಳೆಯನ್ನು ಕೇಳದೆ ತಾರೀಖನ್ನು ಕೇಳಿದೆವು. ಉಳಿದ 17ಕ್ಕೆ ಮಕ್ಕಳೇ ನೀರು ಹಾಕಿದ್ದಾರೆ. ಈ ವರ್ಷ 25 ಸಸಿಗಳನ್ನು ಮಾತ್ರ ಹುಬ್ಬೆ ಮಳೆಗೆ ನೆಡುತ್ತೇವೆ. ಮೂರು ವರ್ಷ ಎಣಿಸುತ್ತೇವೆ."

ಹುಬ್ಬೆ ಮಳೆ ಎಂಬುದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯಬೇಕು ಎಂದು ಅಲ್ಲಿಂದ ಪತ್ರ ಬಂದಿದೆ. ಹಾಗೆಯೇ ಇರಲಿ, ಅರ್ಥವನ್ನು ಕೆಳಗೆ ಬರೆಯಿರಿ ಎಂದು ಉತ್ತರಿಸಿದ್ದೇನೆ.

ಬದುವಿನ ಮರ, ನಾಗಮಂಗಲ

ಹುಬ್ಬೆ ಹುಟ್ಟುವುದು ಆಗಸ್ಟ್ ಕೊನೆಗೆ. ಗುಂಡಿ ಈಗಲೇ ತೆಗೆಸಿ, ಒಂದೂವರೆ ಅಡಿ ಅಗಲ, ಅಷ್ಟೇ ಆಳ. ಹುಣಸೆ ಮತ್ತು ಹೊಂಗೆ ಸಸಿ ಹತ್ತು ನನ್ನ ಹಿತ್ತಲಲ್ಲಿ ಎದೆಯುದ್ದ ಆಗಿವೆ, ನಾನೇ ಗಾಡಿಯಲ್ಲಿ ತರುತ್ತೇನೆ. ಬರುವಾಗ ಬ್ಲೇಡು ತನ್ನಿ, ಮೇಡಂ. ಪಾಕೆಟ್ ಕುಯ್ಯುವುದನ್ನು ಆ ಬೇವಿನ ಹುಡುಗಿಗೆ ನಾನು ಹೇಳಿಕೊಡುತ್ತೇನೆ.